ಔರಾದಿನಿಂದ ಬೆಂಗಳೂರು ಎಷ್ಟು ತಾಸು?

"ಬೆಂಗಳೂರಿಗೆ ವಿಮಾನದಾಗ ಎಷ್ಟೊತ್ತು ಆಗ್ತದರಿ?"

ಬಾಜೂಮನೆ ಅಕ್ಕ ಕಾಂಪೌಂಡ್ ಗೋಡೆಯ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಆರಲು ಹರವುತ್ತಾ ಕೇಳಿದರು. ಮಗಳಿಗೆ ಅಲ್ಲೇ ಹೆರಿಗೆಯಾಗಿದೆ. ಬಾಣಂತನಕ್ಕೆ ನಮ್ಮ ಬೀದರ್ ಜಿಲ್ಲೆಯದೇ ಔರಾದಿನ ತಂಗಿಯನ್ನೂ ಕರೆದುಕೊಂಡು ಹೊರಟಿದ್ದಾರೆ.

"ಒಂದೂಕಾಲು ತಾಸು ಹಿಡೀರಿ" ಅಂದೆ.

ನಕ್ಷೆಯಲ್ಲಿ ನೋಡಿದರೆ ಬೀದರ್, ಬೆಂಗಳೂರು ಎರಡೂ ಹೆಚ್ಚುಕಮ್ಮಿ ಒಂದೇ ರೇಖಾಂಶದ ಮೇಲಿವೆ, 77.5 ಡಿಗ್ರಿಯ ಆಸುಪಾಸು. ಗೌಂಡಿ ದಾರಕ್ಕೆ ಗುಂಡು ಕಟ್ಟಿ ಬೀದರಿನಿಂದ ಇಳಿಬಿಟ್ಟರೆ ಬೆಂಗಳೂರಿನ ಹತ್ತಿರಕ್ಕೇ ಬರುತ್ತದೆ. ಆಕಾಶದಲ್ಲಿ ಸುಮಾರು 520 ಕಿಲೋಮೀಟರ್. ರಸ್ತೆಯಲ್ಲಿ ಅದೇ 700ರ ಹತ್ತಿರ, ಇಡೀ ರಾತ್ರಿಯ ದಾರಿ.

ಆ ಒಂದೂಕಾಲು ತಾಸಿಗಾಗಿ ನಾವು ಎಷ್ಟು ವರ್ಷ ಕಾದಿದ್ದೇವೆ! ವಾಯುಪಡೆಯ ತರಬೇತಿ ವಿಮಾನಗಳು ದಿನವಿಡೀ ನೆತ್ತಿಯ ಮೇಲೇ ಗುಡುಗುತ್ತಿದ್ದವು. ಆಕಾಶದಲ್ಲಿ ಕಸರತ್ತು ತೋರುವ ವಾಯುಪಡೆಯ ಸೂರ್ಯಕಿರಣ ತಂಡದ ಠಾಣೆಯೂ ಇಲ್ಲೇ. ಆದರೆ ನಾವು ವಿಮಾನ ಹತ್ತಬೇಕೆಂದರೆ ಹೈದರಾಬಾದಿಗೇ ಓಡಬೇಕಿತ್ತು. 2020ರ ಫೆಬ್ರವರಿ 7ರಂದು ಬೀದರಿನಿಂದಲೇ ಬೆಂಗಳೂರಿಗೆ ವಿಮಾನ ಹಾರಿದಾಗ ಊರಿಗೆ ಊರೇ ಹಿಗ್ಗಿತ್ತು. ಆಮೇಲೆ ನಿಂತಿತು, 2022ರಲ್ಲಿ ಮತ್ತೆ ಸುರುವಾಯಿತು, ಮತ್ತೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಮೂರನೇ ಸಲ ಬಂತು. ಪ್ರತಿ ಸಲ ನಿಂತಾಗಲೂ ಆಸ್ಪತ್ರೆಗೆ, ಪರೀಕ್ಷೆಗೆ, ಕೋರ್ಟಿಗೆ ಅಂತ ಹೊರಟವರು ಮತ್ತೆ ರಾತ್ರಿ ರೈಲಿನ ರಿಸರ್ವೇಶನ್ನಿಗೆ ಪರದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಜಧಾನಿಯಿಂದ ಇಷ್ಟು ದೂರದ ಜಿಲ್ಲೆಗೆ ಇದು ಶೋಕಿ ಅಲ್ಲ, ಬೇಕೇಬೇಕು.

"ಅದು ಖರೆ. ಆದ್ರ ನಮ್ಮ ತಂಗಿ ಔರಾದಿನಿಂದ ಬರಬೇಕಲ್ಲ?" ಅಕ್ಕ ಬೆರಳು ಮಡಚಿ ಎಣಿಸತೊಡಗಿದರು. ಬಸ್ಸಿಗೆ ಕಾಯೋದು ಒಂದರ್ಧ ತಾಸು, ಬೀದರ್ ಮುಟ್ಟೋದು ಒಂದು ತಾಸಿನ ಮೇಲೆ, ಅಲ್ಲಿಂದ ಆಟೋ, ವಿಮಾನಕ್ಕಿಂತ ಒಂದೂವರೆ ತಾಸು ಮೊದಲೇ ಹಾಜರಿ. ದೇವನಹಳ್ಳಿಯಲ್ಲಿ ಇಳಿದ ಮೇಲೆ ಜಯನಗರದ ಮಗಳ ಮನೆಗೆ ಮತ್ತೆರಡು ತಾಸು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬಂದರು.

ನಮ್ಮ ಜಿಲ್ಲೆಯ ಇನ್ನೊಂದು ಊರು ಭಾಲ್ಕಿಯಲ್ಲಿ ರೈಲ್ವೆ ಸ್ಟೇಷನ್ನಾದರೂ ಇದೆ. ಔರಾದಿಗೆ ಅದೂ ಇಲ್ಲ. ಅಲ್ಲಿಯವರ ವಿಮಾನದ ದಾರಿ ಬಸ್‌ಸ್ಟ್ಯಾಂಡಿನಿಂದಲೇ ಸುರು. ಆ ಒಂದು ಬಸ್ ತಪ್ಪಿದರೆ ವಿಮಾನವೂ ತಪ್ಪಿದಂತೆ.

"ತಂಗಿನ ಹಿಂದಿನ ದಿನಾನೇ ಕರಸ್ರಿ" ಅಂದೆ.

"ಮನ್ಯಾಗ ಬೀಗರೆಲ್ಲ ಅದಾರ, ಜಾಗ ಎಲ್ಲದ?"

"ನಮ್ಮಲ್ಲಿ ಮಲಗಲಿ. ಮುಂಜಾನೆ ನಾನೇ ಇಬ್ಬರನ್ನೂ ಬಿಟ್ಟು ಬರ್ತೀನಿ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಔರಾದಿಗೆ ಫೋನ್ ಹಚ್ಚಿದರು.