ಸೋರುವ ಬಾಗಿಲಿಗೆ ಐದು ನಕ್ಷತ್ರ

ಕಿರವತ್ತಿ ಸಾಗವಾನಿ ಡಿಪೋ ಇರುವ ಊರು. ಇಲ್ಲಿಂದ ಹೋದ ದಿಮ್ಮಿ ಎಲ್ಲೆಲ್ಲೋ ಬಾಗಿಲಾಗಿ ನಿಲ್ಲುತ್ತದೆ. ಇದೇ ಊರಿನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲಿನ ರಬ್ಬರು ಹರಿಯಿತೋ, ಮುಗಿಯಿತು. ಯಲ್ಲಾಪುರದಲ್ಲಿ ಕೇಳಿದರೆ ಹುಬ್ಬಳ್ಳಿಗೆ ಹೋಗಿ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಕಂಪನಿಯ ಕೌಂಟರಿನವನು ಕಂಪ್ಯೂಟರಿನಿಂದ ತಲೆ ಎತ್ತದೆ, "ಆ ಮಾಡೆಲ್ ಬಂದ್ ಆಗೇತ್ರಿ" ಅನ್ನುತ್ತಾನೆ.

ಬಂದ್ ಆಗಿದ್ದು ಮಾಡೆಲ್ಲು. ಫ್ರಿಜ್ಜಲ್ಲ. ಅದು ಹಗಲೂ ರಾತ್ರಿ ಗುಂಯ್‌ಗುಡುತ್ತಲೇ ಇದೆ. ಬಾಗಿಲು ಕಚ್ಚಿಕೊಳ್ಳದಿದ್ದರೆ ಕಂಪ್ರೆಸರಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು?

ದೂರು ಕೊಟ್ಟದ್ದಾಯಿತು. ದೂರಿನ ಸಂಖ್ಯೆ ಬಂತು. ಸಂಖ್ಯೆಯ ಹಿಂದೆ ಬಹಳ ದಿನದ ಮೇಲೆ ಕಂಪನಿಯ ರಿಪೇರಿ ಹುಡುಗನೂ ಬಂದ. ಬಾಗಿಲು ತೆರೆದ. ಮುಚ್ಚಿದ. ಮೊಬೈಲಿನಲ್ಲಿ ಫೋಟೋ ಹೊಡೆದ. "ರಬ್ಬರ್ ಒಂದೇ ಬರಂಗಿಲ್ರಿ ಸರ್. ಪೂರಾ ಡೋರ್ ಹಾಕಿಸಬೇಕ್ರಿ." ಡೋರಿನ ಬೆಲೆ ಹೇಳಿದ. ನಮ್ಮ ಮುಖ ನೋಡಿ ಅವನಿಗೇ ಕನಿಕರ ಬಂತು. "ಅದರಕಿಂತ ಹೊಸಾದು ತಗೊಂಡ್ಬಿಡ್ರಿ. ಎಕ್ಸ್‌ಚೇಂಜ್ ಆಫರ್ ಐತಿ. ಫೈವ್ ಸ್ಟಾರ್. ಕರೆಂಟ್ ಉಳೀತೈತಿ."

ರಿಪೇರಿಗೆಂದು ಬಂದವನು ವ್ಯಾಪಾರ ಮಾಡಿ ಹೋದ. ವ್ಯಾಪಾರಿಯ ಪ್ರಯಾಣದ ಖರ್ಚನ್ನು ವಿಸಿಟಿಂಗ್ ಚಾರ್ಜು ಎಂಬ ಹೆಸರಿನಲ್ಲಿ ನಾವೇ ಕೊಟ್ಟೆವು. ರಸೀದಿಯೂ ಬಂತು, ಜಿಎಸ್‌ಟಿ ಸಮೇತ.

ಅಂಥ ದೇವದುರ್ಲಭ ವಸ್ತುವೇನೂ ಅಲ್ಲ ಈ ರಬ್ಬರು. ಮೆತ್ತನೆಯ ಪಿವಿಸಿಯ ಟೊಳ್ಳು ಪಟ್ಟಿ. ಒಳಗೆ ಫೆರೈಟ್ ಪುಡಿ ಬೆರೆಸಿದ ಬಾಗುವ ಅಯಸ್ಕಾಂತ. ಬಾಗಿಲಿನ ಸಂದಿಗೆ ಒತ್ತಿದರೆ ಕೂರುವ ಬುಡ. ಚಿಪ್ಪಿಲ್ಲ, ಸಾಫ್ಟ್‌ವೇರಿಲ್ಲ, ಪಾಸ್‌ವರ್ಡಿಲ್ಲ. ಚಂದ್ರನ ಮೇಲೆ ನೌಕೆ ಇಳಿಸಿದ ದೇಶದಲ್ಲಿ ಇದು ಸ್ಟಾಕಿಲ್ಲ.

ವಾರಂಟಿ ಕಾರ್ಡು ತೆಗೆದು ನೋಡಿ. ಕಂಪ್ರೆಸರಿಗೆ 10 ವರ್ಷ, ದಪ್ಪಕ್ಷರದಲ್ಲಿ. ಉಳಿದದ್ದಕ್ಕೆಲ್ಲ ಒಂದು ವರ್ಷ, ಸಣ್ಣಕ್ಷರದಲ್ಲಿ. ಯಂತ್ರ ತಂಪು ಮಾಡುತ್ತದೆ ಎಂಬುದಕ್ಕೆ ಗ್ಯಾರಂಟಿಯಿದೆ. ಮಾಡಿದ ತಂಪು ಒಳಗೆ ಉಳಿಯುತ್ತದೆ ಎಂಬುದಕ್ಕಿಲ್ಲ.

ಇನ್ನು ಬಾಗಿಲ ಮೇಲಿನ ನಕ್ಷತ್ರ. ಇಂಧನ ದಕ್ಷತಾ ಬ್ಯೂರೋ 2006ರಿಂದ ಇದನ್ನು ಅಂಟಿಸುತ್ತಿದೆ. ಒಳ್ಳೆಯ ಕೆಲಸವೇ. ಆದರೆ ಆ ಅಂಕ ಹೊಸ ರಬ್ಬರಿನ ಹೊಸ ಫ್ರಿಜ್ಜಿಗೆ ಪ್ರಯೋಗಾಲಯದಲ್ಲಿ ಸಿಕ್ಕದ್ದು. ಮಲೆನಾಡಿನ ಮಳೆಗಾಲಗಳನ್ನು ಕಂಡು, ಮಡಿಕೆಯಲ್ಲಿ ಕಪ್ಪು ಬೂಷ್ಟು ಹಿಡಿದು, ಮೂಲೆಯಲ್ಲಿ ಸೀಳಿದ ರಬ್ಬರಿಗೆ ಎಷ್ಟು ನಕ್ಷತ್ರ? ಕೇಳುವವರಿಲ್ಲ. ಸೀಳಿನಿಂದ ಹಸಿ ಗಾಳಿ ನುಗ್ಗುತ್ತದೆ. ಒಳಗೆ ಹಿಮ ಕಟ್ಟುತ್ತದೆ. ಮೀಟರು ಓಡುತ್ತದೆ. ಬಾಗಿಲ ಮೇಲಿನ ಐದು ನಕ್ಷತ್ರ ಮಾತ್ರ ಮಿನುಗುತ್ತಲೇ ಇರುತ್ತದೆ.

ರಬ್ಬರು ಸತ್ತಿದೆಯೇ ಬದುಕಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಬಾಗಿಲ ನಡುವೆ ಕಾಗದವಿಟ್ಟು ಮುಚ್ಚಿ ಎಳೆಯಬೇಕು. ಬಿಗಿಯಾಗಿ ಬಂದರೆ ಸರಿ. ಜಾರಿ ಬಂದರೆ ರಬ್ಬರಿನ ಕತೆ ಮುಗಿದಂತೆ. ಕೈಗೆ ಸಿಕ್ಕಿದ್ದು ಕರೆಂಟು ಬಿಲ್ಲು. ಪಾವತಿಸಬೇಕಾದ ಮೊತ್ತ: ಸೊನ್ನೆ. ಇಟ್ಟು ಎಳೆದರೆ ಸಲೀಸಾಗಿ ಜಾರಿ ಬಂತು.

ಸೊನ್ನೆ ಬಿಲ್ಲಿನ ಮಹಿಮೆ ಇಷ್ಟಿಷ್ಟಲ್ಲ. ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆ 2023ರಲ್ಲಿ ಬಂತು. ಆಗಿನ ಲೆಕ್ಕದಂತೆ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡ 10 ಸೇರಿಸಿ, 200 ಯುನಿಟ್ ಮೀರದಂತೆ ಪುಕ್ಕಟೆ. ಅಂದರೆ ಆ ವರ್ಷವೇ ನಿಮ್ಮ ರಬ್ಬರು ಹರಿದಿದ್ದರೆ ನೀವು ಪುಣ್ಯವಂತರು. ಸೋರಿಕೆಯೂ ಸರಾಸರಿಗೆ ಸೇರಿತು, ಅದರ ಮೇಲೆ ಶೇಕಡ 10 ಬೋನಸ್ಸೂ ಸಿಕ್ಕಿತು. ಆ ವರ್ಷ ಲೈಟು ಆರಿಸಿ, ಫ್ಯಾನು ನಿಲ್ಲಿಸಿ ಉಳಿಸಿದವನಿಗೆ ಪಾಲು ಕಡಿಮೆ. ಉಳಿತಾಯಕ್ಕೆ ದಂಡ, ಸೋರಿಕೆಗೆ ಬಹುಮಾನ. ಬಹುಮಾನದ ದುಡ್ಡು ಖಜಾನೆಯದು. ಖಜಾನೆಯ ದುಡ್ಡು ಯಾರದ್ದೆಂದು ಬೇರೆ ಹೇಳಬೇಕೇ?

ಇದಾದ ಮೇಲೆ ಡಿಸೆಂಬರ್ 14 ಬರುತ್ತದೆ. ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಮಕ್ಕಳ ಕೈಗೆ ಫಲಕ, ಗಣ್ಯರ ಕೈಗೆ ಮೈಕು. ಅನಗತ್ಯ ದೀಪ ಆರಿಸಿ ಎಂಬ ಉಪದೇಶ, ಹಾಡುಹಗಲೇ ಉರಿಯುವ ಸಭಾಂಗಣದ ದೀಪಗಳ ಕೆಳಗೆ.

ಉಪದೇಶ ಕೇಳುತ್ತಿರುವುದು ಯಾವ ಜಿಲ್ಲೆ? ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟಿನ ಮೇಲೆ ಅಣೆಕಟ್ಟು ಕಟ್ಟಿಸಿಕೊಂಡ ಜಿಲ್ಲೆ. 120 ಮೆಗಾವ್ಯಾಟಿನ ಕೊಡಸಳ್ಳಿ ಇದೇ ಯಲ್ಲಾಪುರ ತಾಲೂಕಿನದು. ಕಾಡಿನಾಚೆ ಕೈಗಾ ಅಣು ವಿದ್ಯುತ್ ಸ್ಥಾವರ. ಅಲ್ಲಿಯ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ಅಂದಿನ ವಿಶ್ವದಾಖಲೆ ಬರೆಯಿತು. ನಮಗೂ ಹೆಮ್ಮೆಯೇ. ಹೆಮ್ಮೆಪಡುತ್ತಿರುವಾಗಲೇ ಕರೆಂಟು ಹೋಯಿತು. ತಂತಿಯ ಮೇಲೆ ಟೊಂಗೆ ಬಿದ್ದಿದೆಯಂತೆ.

ಬಾಗಿಲು ಬಿಗಿಯಾಗಿದ್ದರೆ, ಪದೇಪದೇ ತೆರೆಯದಿದ್ದರೆ, ಕರೆಂಟು ಹೋದ ಮೇಲೂ ನಾಲ್ಕು ತಾಸು ಫ್ರಿಜ್ಜಿನೊಳಗಿನದು ತಡೆಯುತ್ತದೆ. ಹಾಲು ಒಡೆಯುವುದಿಲ್ಲ. ದೋಸೆಹಿಟ್ಟು ಉಕ್ಕಿ ಪಾತ್ರೆಯಿಂದ ಇಳಿಯುವುದಿಲ್ಲ. ನಮ್ಮ ಕಡೆ ಆ ರಬ್ಬರೇ ಬಡವನ ಇನ್ವರ್ಟರು. ಅದೇ ಸಿಗುವುದಿಲ್ಲ.

ಕಾನೂನು ಮನಸ್ಸು ಮಾಡಿದರೆ ಫ್ರಿಜ್ಜಿನ ಬಾಗಿಲು ಮಾತು ಕೇಳುತ್ತದೆ. ಹಿಂದೆ ಅದಕ್ಕೆ ಹೊರಗಿನಿಂದ ಚಿಲಕವಿತ್ತು. ಆಟವಾಡುತ್ತ ಒಳಹೊಕ್ಕ ಮಕ್ಕಳು ಉಸಿರುಗಟ್ಟಿ ಸತ್ತರು. ಒಳಗಿನಿಂದ ತಳ್ಳಿದರೆ ತೆರೆಯದ ಬಾಗಿಲನ್ನು ಮಾರಕೂಡದೆಂದು ಅಮೆರಿಕ 1956ರಲ್ಲಿ ಕಾನೂನು ತಂದಿತು. ಆಗದು, ಹೋಗದು ಎಂದು ಕಂಪನಿಗಳು ಕೂರಲಿಲ್ಲ. ಚಿಲಕ ಹೋಯಿತು, ಅಯಸ್ಕಾಂತದ ಪಟ್ಟಿ ಬಂತು.

ಯುರೋಪು ಇನ್ನೂ ಒಂದು ಹೆಜ್ಜೆ ಮುಂದೆ. 2021ರ ಮಾರ್ಚ್ 1ರಿಂದ ಅಲ್ಲೊಂದು ನಿಯಮ. ಒಂದು ಮಾಡೆಲಿನ ಕೊನೆಯ ಫ್ರಿಜ್ಜು ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಅದರ ಬಾಗಿಲಿನ ಗ್ಯಾಸ್ಕೆಟ್ ಸಿಗಲೇಬೇಕು. ಮೆಕ್ಯಾನಿಕ್ಕಿಗಷ್ಟೇ ಅಲ್ಲ, ಮನೆಯವರಿಗೂ. ಕೇಳಿದ 15 ಕೆಲಸದ ದಿನಗಳೊಳಗೆ ಕೈಸೇರಬೇಕು. ಹೌದು, ಇದೇ ರಬ್ಬರು. ಅದರ ಹೆಸರು ಹಿಡಿದೇ ಬರೆದಿದ್ದಾರೆ.

ಅಲ್ಲಿ ಮಾರುವ ಕಂಪನಿಗಳಲ್ಲಿ ಕೆಲವು ಇಲ್ಲಿಯೂ ಮಾರುತ್ತವೆ. ಅಲ್ಲಿ ಮಾಡೆಲ್ ನಿಂತ ಮೇಲೂ ರಬ್ಬರು ಕೊಡುವ ಶಿಸ್ತು, ಇಲ್ಲಿ ಫ್ರಿಜ್ಜಿನ ಸಾಲದ ಕಂತು ತೀರುವವರೆಗಾದರೂ ಕೊಡುತ್ತೇವೆಂಬ ಒಂದು ಸಾಲು ಬರೆದುಕೊಡಲು ಹಿಂಜರಿಕೆ. ಅಲ್ಲಿಯವರು ಗ್ರಾಹಕರು. ನಾವು ಗಿರಾಕಿಗಳು.

ನಮ್ಮ ಸರಕಾರವೂ ಕೈಕಟ್ಟಿ ಕೂತಿಲ್ಲ. ರಿಪೇರಿಯ ಹಕ್ಕಿಗೆಂದು 2022ರಲ್ಲಿ ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದ ಶುಭ ಮುಹೂರ್ತದಲ್ಲಿ, ಪೋರ್ಟಲ್ ಉದ್ಘಾಟಿಸಿತು. ಹಕ್ಕು ಕೇಳಿದರೆ ಪೋರ್ಟಲ್ ಕೊಡುವುದು ನಮ್ಮ ಕಾಲದ ಆಡಳಿತ. ಅದು ಕಂಪನಿಯ ಗ್ರಾಹಕ ಸೇವೆಯ ದಾರಿ ತೋರಿಸುತ್ತದೆ. ಗ್ರಾಹಕ ಸೇವೆ ಹುಬ್ಬಳ್ಳಿಯ ಕೌಂಟರಿನ ದಾರಿ ತೋರಿಸುತ್ತದೆ. ಕೌಂಟರಿನವನು ಮನೆಯ ದಾರಿ ತೋರಿಸುತ್ತಾನೆ.

ಇನ್ನೊಂದು ತಮಾಷೆ ಕೇಳಿ. ಇ-ತ್ಯಾಜ್ಯಕ್ಕೆ ನಿಯಮವಿದೆ. 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳೇ ಜಾರಿಗೆ ಬಂದಿವೆ. ಫ್ರಿಜ್ಜು ಸತ್ತರೆ ಅದರ ಉತ್ತರಕ್ರಿಯೆಯ ಹೊಣೆ ತಯಾರಕರದು. ಬದುಕಿರುವಾಗ ಮಾತ್ರ ಯಾರದ್ದೂ ಅಲ್ಲ. ಚಿಕಿತ್ಸೆಗೆ ದಿಕ್ಕಿಲ್ಲ, ತಿಥಿಗೆ ವ್ಯವಸ್ಥೆಯಿದೆ. ಆ ವ್ಯವಸ್ಥೆಯಾದರೂ ನಮ್ಮೂರಿಗೆ ಬರುವಷ್ಟರಲ್ಲಿ ಗುಜರಿಯವನ ಗೂಡ್ಸ್ ಗಾಡಿಯಾಗಿರುತ್ತದೆ. ಅವನು ತಾಮ್ರದ ಕೊಳವೆ ಕತ್ತರಿಸುತ್ತಾನೆ. ಗ್ಯಾಸು ಬುಸ್ ಎಂದು ಆಕಾಶಕ್ಕೆ ಹೋಗುತ್ತದೆ. ಕಂಪ್ರೆಸರು ತಕ್ಕಡಿಗೆ ಹೋಗುತ್ತದೆ. ಇಷ್ಟೂ ಅನಾಹುತ ಒಂದು ರಬ್ಬರು ಸಿಗದೆ.

ಕೊನೆಗೆ ರಬ್ಬರು ಎಲ್ಲಿ ಸಿಕ್ಕಿತು? ಹುಬ್ಬಳ್ಳಿಯಲ್ಲೇ, ತಗಡಿನ ಮಾಡಿನ ಒಂದು ರಿಪೇರಿ ಅಂಗಡಿಯಲ್ಲಿ. ಅಂಗಡಿಯವನು ಮಾಡೆಲ್ ನಂಬರ್ ಕೇಳಲಿಲ್ಲ. ಒಟಿಪಿ ಕೇಳಲಿಲ್ಲ. ಹಳೇ ರಬ್ಬರಿನ ಮೂಲೆಯ ತುಂಡು ತೋರಿಸಿದರೆ ತಿರುಗಿಸಿ ನೋಡಿದ. ಸಂದಿನಿಂದ ಸಂದಿನ ಅಳತೆ ಎಷ್ಟೆಂದು ಕೇಳಿದ. ಗೋಡೆಗೆ ನೇತುಹಾಕಿದ್ದ ಉದ್ದ ಪಟ್ಟಿಗಳಲ್ಲಿ ಒಂದನ್ನೆಳೆದು, ತುದಿಗಳನ್ನು ಓರೆಯಾಗಿ ಕತ್ತರಿಸಿ, ಬಿಸಿ ತಗಡಿಗೆ ತಾಗಿಸಿ ನಾಲ್ಕು ಮೂಲೆ ಬೆಸೆದ. ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು. ಕಂಪನಿಯವರು ಇವನನ್ನು ಕರೆಯುವುದು ಅನಧಿಕೃತ ಎಂದು. ಅಧಿಕೃತನಿಗೆ ಬಾರದ ವಿದ್ಯೆ ಬಲ್ಲವನಿಗೆ ಬೇರೆ ಹೆಸರು ಸಿಕ್ಕಲಿಲ್ಲವೇನೋ.

ಹಾಕಲು ಎಂಜಿನಿಯರೂ ಬೇಕಿಲ್ಲ. ಪ್ಲಗ್ ಕೀಳಿ. ಹಳೆಯದನ್ನು ಮೂಲೆಯಿಂದ ಎಳೆದರೆ ಸುಲಿದು ಬರುತ್ತದೆ. ಕೆಲವು ಹಳೇ ಫ್ರಿಜ್ಜಿನಲ್ಲಿ ಮಡಿಕೆಯ ಕೆಳಗೆ ಸ್ಕ್ರೂ ಇರುತ್ತದೆ, ಸಡಿಲಿಸಬೇಕು. ಸಂದಿನಲ್ಲಿ ಬೂಷ್ಟು, ಇರುವೆ, ಒಣಗಿದ ಕೊತ್ತಂಬರಿ ಕಡ್ಡಿ. ಅಡುಗೆ ಸೋಡಾ ನೀರಿನಿಂದ ಒರೆಸಿ. ಹೊಸ ರಬ್ಬರು ಸುರುಟಿಕೊಂಡಿದ್ದರೆ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾಗಿ ನೆಟ್ಟಗಾಗುತ್ತದೆ. ಮೊದಲು ನಾಲ್ಕು ಮೂಲೆ, ಆಮೇಲೆ ಬದಿಗಳು. ಬೆರಳಿನಿಂದ ಒತ್ತುತ್ತ ಹೋದರೆ ಕೂತುಕೊಳ್ಳುತ್ತದೆ. ಕೀಲಿನ ಕಡೆ ಕೊಂಚ ವ್ಯಾಸಲೀನ್ ಸವರಿ, ಬಾಗಿಲು ಮುಚ್ಚುವಾಗ ರಬ್ಬರು ಮಡಚಿಕೊಳ್ಳುವುದಿಲ್ಲ. ಅದೇ ಸೊನ್ನೆ ಬಿಲ್ಲನ್ನು ಮತ್ತೆ ಇಟ್ಟು ಎಳೆಯಿರಿ. ಹರಿದರೂ ಹರಿಯಬಹುದು, ಜಾರಲಾರದು.

ಇಷ್ಟೇ. ಈ ಇಷ್ಟಕ್ಕೆ ಒಂದು ಇಡೀ ಬಾಗಿಲು, ಒಂದು ಇಡೀ ಫ್ರಿಜ್ಜು, ತಿಂಗಳು ತಿಂಗಳು ಕಟ್ಟುವ ಕಂತು ನಮ್ಮ ತಲೆಗೆ ಬರಲಿತ್ತು. ಬರಲಿತ್ತೇನು, ಎಷ್ಟೋ ಮನೆಗಳಲ್ಲಿ ಬಂದಾಗಿದೆ. ಹಬ್ಬಕ್ಕೊಂದು ಫ್ರಿಜ್ಜು ತಂದು ಅಕ್ಕಪಕ್ಕದವರಿಗೆ ತೋರಿಸಿ, ಹಳೇದು ಕರೆಂಟು ಜಾಸ್ತಿ ತಿಂತಿತ್ತು ಎಂದು ಪರಿಸರಪ್ರೇಮ ಮೆರೆಯುತ್ತೇವೆ. ಹಳೇದು ತಿನ್ನುತ್ತಿರಲಿಲ್ಲ. ಅದರ ಬಾಯಿ ಮುಚ್ಚಲು ನಾವು ಬಿಟ್ಟಿರಲಿಲ್ಲ.

ಅಂಗಡಿಗೆ ಹೋದಾಗ ನಾವು ಬಣ್ಣ ಕೇಳುತ್ತೇವೆ, ಲೀಟರು ಕೇಳುತ್ತೇವೆ, ಮಿಕ್ಸರು ಫ್ರೀ ಉಂಟೋ ಎಂದು ಕೇಳುತ್ತೇವೆ. ಇನ್ನೊಂದು ಕೇಳಿ: ಇದರ ಬಾಗಿಲಿನ ರಬ್ಬರಿನ ಬೆಲೆಯೆಷ್ಟು, ಎಷ್ಟು ವರ್ಷ ಸಿಗುತ್ತದೆ? ಬರೆದು ಸಹಿ ಹಾಕಿ ಕೊಡಿ ಎನ್ನಿ. ಕೊಡದಿದ್ದರೆ ಎದ್ದು ಹೊರಡಿ. ಹೊರಗೆ ಬರಲು ತ್ರಾಸವೇನಿಲ್ಲ. ಕರೆಂಟು ಉಳಿತಾಯ ಮಾರುವ ಆ ಶೋರೂಮು ಒಳಗೆ ಎಸಿ ಹಾಕಿಕೊಂಡು, ಮುಂಬಾಗಿಲನ್ನು ದಿನವಿಡೀ ತೆರೆದೇ ಇಟ್ಟಿರುತ್ತದೆ.