ಜೀವಾವಧಿ ಎಣ್ಣೆ

ಜೀವಾವಧಿ ಅನ್ನುವ ಮಾತನ್ನು ನಮ್ಮ ಸರ್ಕಾರ ಇಬ್ಬರ ಮೇಲೆ ಪ್ರಯೋಗಿಸುತ್ತದೆ. ಒಬ್ಬ ಕೊಲೆ ಮಾಡಿದವನು, ಇನ್ನೊಬ್ಬ ಕಾರು ಕೊಂಡವನು. ಕೊಲೆ ಮಾಡಿದವನಿಗೆ ಸನ್ನಡತೆಯ ಮೇಲೆ ಯಾವುದೋ ಸ್ವಾತಂತ್ರ್ಯ ದಿನದಂದು ಹೊರಬರುವ ಆಸೆಯಾದರೂ ಉಂಟು. ಕಾರು ಕೊಂಡವನು ಜೀವಾವಧಿ ತೆರಿಗೆ ಕಟ್ಟಿ ಕೆಎ-10 ಬೋರ್ಡು ಹಾಕಿಸಿಕೊಂಡರೆ ಆ ಜೀವ 15 ವರ್ಷಕ್ಕೆ ಮುಗಿಯುತ್ತದೆ. ಪುನರ್ಜನ್ಮಕ್ಕೆ ಬೇರೆ ಶುಲ್ಕ. ಈಗ ಈ ಸಾಲಿಗೆ ಮೂರನೆಯದೂ ಸೇರಿದೆ. ಜೀವಾವಧಿ ಎಣ್ಣೆ.

ಇದನ್ನು ನಮ್ಮ ಮನೆಗೆ ತಂದವರು ಬೆಂಗಳೂರಿನ ಅಳಿಯ. ಅವರದು ಹೈಬ್ರಿಡ್ ಕಾರು, ಅಂದರೆ ಪೆಟ್ರೋಲೂ ಉಂಟು, ಕರೆಂಟೂ ಉಂಟು, ಸಮ್ಮಿಶ್ರ ಸರ್ಕಾರ. ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಗೇರ್‌ಬಾಕ್ಸ್ ಎಣ್ಣೆ ಬದಲಿಸುವುದಿಲ್ಲವೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿದ್ದಾರೆ. ಟೈ ಕಟ್ಟಿದ್ದ ಹುಡುಗ, “ಸಾರ್, ಅದು ಲೈಫ್‌ಟೈಮ್ ಫ್ಲೂಯಿಡ್. ಮುಟ್ಟಲೇಬೇಡಿ. ಮುಟ್ಟಿದರೆ ವಾರಂಟಿ ಹೋಗುತ್ತೆ” ಅಂದನಂತೆ. ಅಳಿಯಂದಿರಿಗೆ ರೋಷ ಬಂತು. ತಾವೇ ಬದಲಿಸೋಣವೆಂದರೆ ಅವರ ಅಪಾರ್ಟ್‌ಮೆಂಟಿನ ಸಂಘದವರು ನೆಲಮಾಳಿಗೆಯಲ್ಲಿ ಎಣ್ಣೆಯ ಒಂದು ತೊಟ್ಟು ಬಿದ್ದರೂ ದಂಡ ಹಾಕುತ್ತಾರೆ. ಗುಂಡ್ಲುಪೇಟೆಯಲ್ಲಿ ಮಾವನ ಮನೆಯ ಅಂಗಳಕ್ಕೆ ಅಂಥ ಸಂಘ ಇಲ್ಲ.

ಮುಟ್ಟಿದರೆ ಹೋಗುತ್ತದೆ ಅನ್ನುವ ಮಾತು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂದು ವಿಧಾನಸೌಧವೇ ನಂಬಿದ್ದ ಕಾಲವಿತ್ತು. 1997ರಲ್ಲಿ ಜಿಲ್ಲೆ ಹುಟ್ಟಿದಾಗ ಆಗಿನ ಮುಖ್ಯಮಂತ್ರಿ, ಸಮಾಜವಾದಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ. ಮದುವೆಗೆ ಬಂದವರು ಛತ್ರದೊಳಕ್ಕೆ ಬಾರದೆ ಬೀದಿಯಿಂದಲೇ ಅಕ್ಷತೆ ಎಸೆದ ಹಾಗೆ. ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರು ಮಾರುಕಟ್ಟೆಗೆ ಬಂತು. ನಮ್ಮ ಜಿಲ್ಲೆಯೂ ಆ ಕಾರೂ ಓರಗೆಯವು. ಇಬ್ಬರ ಜಾತಕದಲ್ಲೂ ಮುಟ್ಟಬಾರದ ದೋಷ.

2013ರಲ್ಲಿ ಸಿದ್ದರಾಮಯ್ಯನವರು ಬಂದರು. ಮತ್ತೆ ಮತ್ತೆ ಬಂದರು. ಐದು ವರ್ಷ ಪೂರ್ತಿ ಕುರ್ಚಿಯಲ್ಲೇ ಕೂತರು. 2018ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತಾಗ, “ನೋಡಿದ್ರಾ, ನಾವು ಹೇಳಿರಲಿಲ್ವಾ” ಅಂದವರು ಅದೇ ಚುನಾವಣೆಯಲ್ಲಿ ಬಾದಾಮಿಯಲ್ಲಿ ಗೆದ್ದದ್ದನ್ನೂ 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದದ್ದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಟೈ ಹುಡುಗನ ಶಾಸ್ತ್ರವೂ ಇದೇ. ಎಣ್ಣೆ ಬದಲಿಸದೆ ಗೇರ್‌ಬಾಕ್ಸ್ ಕೆಟ್ಟರೆ ಅದರ ಆಯಸ್ಸು ಅಷ್ಟೇ. ಬದಲಿಸಿದ ಮೇಲೆ ಕೆಟ್ಟರೆ, ಬದಲಿಸಿದ್ದೇ ಕಾರಣ.

ಶನಿವಾರ ಮಧ್ಯಾಹ್ನ ಕೆಲಸ ಶುರುವಾಯಿತು. ವಿಡಿಯೋ ಹನ್ನೆರಡು ನಿಮಿಷದ್ದು. “ಅರ್ಧ ಗಂಟೆ ಸಾಕು ಮಾವ, ಸಂಜೆ ಬಂಡೀಪುರ ದಾಟಿ ರಾತ್ರಿ ಊಟಕ್ಕೆ ಊಟಿ” ಅಂದರು. ಡಿಕ್ಕಿಯಿಂದ ಒಂದೊಂದಾಗಿ ಸಾಮಾನು ಇಳಿದವು. ಎಣ್ಣೆ ಡಬ್ಬಗಳು, ಕಬ್ಬಿಣದ ಎರಡು ರ್‍ಯಾಂಪು, ನೀಲಿ ಕೈಗವಸು, ವೆಲ್ವೆಟ್ ಪೆಟ್ಟಿಗೆಯಲ್ಲಿ ಮಲಗಿದ್ದ ಟಾರ್ಕ್ ಸ್ಪ್ಯಾನರ್. ಬೋಲ್ಟನ್ನು ಇಷ್ಟೇ ಬಿಗಿ ಮಾಡಬೇಕು ಎಂದು ಟಿಕ್ ಅಂದು ಹೇಳುವ ಆ ಸ್ಪ್ಯಾನರಿನ ಬೆಲೆ ಕೇಳಿ, ಮೇಷ್ಟ್ರಾಗಿ ನಾನು ತಂದ ಮೊದಲ ಸಂಬಳಕ್ಕೆ ನಾಚಿಕೆಯಾಯಿತು.

ಈ ಕಾರಿನ ಗೇರ್‌ಬಾಕ್ಸಿನಲ್ಲಿ ಗೇರು ಬದಲಾಗುವುದೇ ಇಲ್ಲವಂತೆ. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಎಲ್ಲವನ್ನೂ ಅಪ್ಪಿದ ಹೊರಬಳೆ, ಜೊತೆಗೆ ಎರಡು ಮೋಟರು. ಒಳಗಿನ ಎಣ್ಣೆ ಹಲ್ಲುಗಳಿಗೆ ಜಾರಿಕೆ ಕೊಡಬೇಕು, ಮೋಟರಿನ ತಾಮ್ರದ ಸುರುಳಿಯ ಶಾಖ ಹೀರಬೇಕು, ಆದರೂ ತನ್ನ ಮೂಲಕ ಕರೆಂಟು ಹರಿಯಗೊಡಬಾರದು. ಅದಕ್ಕೇ ಸಿಕ್ಕಿದ ಎಣ್ಣೆ ಹುಯ್ಯುವಂತಿಲ್ಲ. ಅಳಿಯಂದಿರು ಇಷ್ಟನ್ನು ವಿವರಿಸುವಷ್ಟರಲ್ಲಿ ನನ್ನಾಕೆ ನಡುವೆ ಬಾಯಿ ಹಾಕಿದಳು: “ಶನಿವಾರ ಗ್ರಹಕ್ಕೆ ಎಣ್ಣೆ ಬಿಡೋದು ಗೊತ್ತಿರೋದೇ. ಎಳ್ಳೆಣ್ಣೆ ಆಗಲ್ವಾ?” ಕಾರಿನ ಕೀ ಹತ್ತಿರವಿದ್ದಾಗ ಕೈತಪ್ಪಿ ಬಟನ್ ಒತ್ತಿದರೆ ಇಂಜಿನ್ ಎದ್ದೀತು ಎಂದು ಅವಳ ಕೈಗೇ ಕೊಟ್ಟು, ದೂರ ಇಡಲು ಹೇಳಿದರು. ಅದು ದೇವರಮನೆ ಸೇರಿತು. ಕಿತ್ತಳೆ ಬಣ್ಣದ ವೈರುಗಳನ್ನು ಮುಟ್ಟಬಾರದು ಅಂದರು. ಇದೊಂದು ಮಾತ್ರ ನಿಜವಾದ ಮುಟ್ಟಬಾರದು. ಅಲ್ಲಿ ಹೋಗುವುದು ವಾರಂಟಿಯಲ್ಲ, ಪ್ರಾಣ.

ಮುಂದಿನ ಚಕ್ರಗಳನ್ನು ಆಗಲೇ ರ್‍ಯಾಂಪಿನ ಮೇಲೆ ಹತ್ತಿಸಿದ್ದ ಕಾರಿನಡಿ ತೂರಿ, ಕೆಳಗಿನ ಬೋಲ್ಟಿಗೆ ಅಳಿಯಂದಿರು ಕೈ ಹಾಕಿದ್ದರು. ಆಗ ಬೇಲಿಯಾಚೆಯಿಂದ ಬಂದವನು ನಮ್ಮ ಪಕ್ಕದ ಟ್ರ್ಯಾಕ್ಟರ್ ರಿಪೇರಿಯವನು. ಒಂದು ಕಾಲದಲ್ಲಿ ನನ್ನ ಶಿಷ್ಯ. ಏಳನೇ ಕ್ಲಾಸಿಗೇ ಬಿಟ್ಟ.

“ತಡೀರಿ ಸಾ. ಮೊದ್ಲು ಮ್ಯಾಲಿಂದ್ ಬುಚ್ಚಿ. ಕೆಳಗಿಂದ್ ಬುಚ್ಚಿ ಎಣ್ಣ ಎಲ್ಲಾ ಸುರ್ದೋದ್ಮ್ಯಾಲ, ಮ್ಯಾಲಿಂದ್ ಜಾಮ್ ಆಗಿದ್ರ ಏನ್ಮಾಡೀರಿ? ಹುಯ್ಯಕ್ಕ ದಾರಿ ಬ್ಯಾಡ್ವಾ?”

ಅಳಿಯಂದಿರು ವಿಡಿಯೋ ಹಿಂದಕ್ಕೆ ಓಡಿಸಿ ನೋಡಿದರು. ಅದರಲ್ಲೂ ಹಾಗೇ ಇತ್ತು. ಅವರು ಓಡಿಸಿ ದಾಟಿದ ಜಾಗದಲ್ಲಿ.

“ಗಾಡಿ ಯಾಕ ಹಿಂಗ್ ಮೂತಿ ಎತ್ಕಂಡದ? ಎಣ್ಣ ತೂತಿನ ಅಂಚಿಗ ಬಂದು ಚೆಲ್ದ್ರ ಸಾಕು ಅನ್ನೋದು ಲೆಕ್ಕ. ಓರೆ ನಿಂತ್ರ ಲೆಕ್ಕ ಎಲ್ಲಿ ಸಿಕ್ಕದು?”

ಹಿಂದಿನ ಚಕ್ರಗಳನ್ನೂ ಎತ್ತಬೇಕಾಯಿತು. ಹಡಗು ಹತ್ತಿ ವಿದೇಶಕ್ಕೆ ಹೋಗುವ ನಮ್ಮ ಜಿಲ್ಲೆಯ ಕರಿಕಲ್ಲು, ಹಡಗು ತಪ್ಪಿಸಿಕೊಂಡ ನಾಲ್ಕಾರು ಚಪ್ಪಡಿಯಾಗಿ ಅವನ ಶೆಡ್ಡಿನಲ್ಲಿ ಬಿದ್ದಿತ್ತು. ಗಾರೆಯವರ ನೀರು ತುಂಬಿದ ಟ್ಯೂಬು ಹಿಡಿದು ಮುಂದಕ್ಕೂ ಹಿಂದಕ್ಕೂ ಮಟ್ಟ ನೋಡಿದ್ದಾಯಿತು. ಮೇಲಿನ ಬೋಲ್ಟು ಬಿಡಿಸುವುದರಲ್ಲಿ ಸಂಜೆಯ ಕಾಫಿಯಾಯಿತು.

ಎಣ್ಣೆ ಇಳಿಯಿತು. ಡಬ್ಬದ ಹೊಸದು ಓಕುಳಿಯ ಹಾಗೆ ಕೆಂಪಗಿತ್ತು. ಇಳಿದದ್ದು ನಿನ್ನೆಯ ಡಿಕಾಕ್ಷನ್. ಬೋಲ್ಟಿನ ತುದಿಯಲ್ಲಿ ಇರುವೆಗೂಡಿನ ಪುಡಿಯ ಹಾಗೆ ಬೂದು ಕೆಸರು. ಶಿಷ್ಯ ಎರಡು ಬೆರಳಲ್ಲಿ ತಿಕ್ಕಿ, ಮೂಸಿ ಕೇಳಿದ: “ಲೈಫ್‌ಟೈಮ್ ಅಂದ್ರ ಯಾರ ಲೈಫು ಮೇಷ್ಟ್ರೆ? ಎಣ್ಣದಾ, ಗಾಡೀದಾ, ವಾರಂಟೀದಾ?” ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವನು ನಾನು. ಇಂಥದೊಂದು ಪ್ರಶ್ನೆ ತೆಗೆದಿರಲಿಲ್ಲ.

ಹೊಸ ವಾಷರ್ ಹಾಕಿ ಕೆಳಗಿನದನ್ನು ಮುಚ್ಚಿ, ಮೇಲಿಂದ ಕೊಳವೆಯಲ್ಲಿ ಹೊಸ ಎಣ್ಣೆ ಬಿಟ್ಟರು. ಹಿಡಿದದ್ದು 4 ಲೀಟರಿಗೂ ಕಡಿಮೆ. ವೆಲ್ವೆಟ್ ಸ್ಪ್ಯಾನರ್ ಟಿಕ್ ಅಂದಾಗ ಗಂಟೆ ಎಂಟೂಮುಕ್ಕಾಲು. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೇ ತೆರೆಯುವುದು, 2009ರಿಂದ ಕಾಡಿನ ಪ್ರಾಣಿಗಳಿಗೂ ಇದು ಗೊತ್ತು. ಊಟಿಯ ಊಟ ನಮ್ಮಲ್ಲೇ ಆಯಿತು, ಮುದ್ದೆ, ಸೊಪ್ಪಿನ ಸಾರು.

ಬೆಳಿಗ್ಗೆ ಹೊರಡುವ ಮುಂಚೆ ಅಳಿಯಂದಿರು ನನ್ನನ್ನು ಪಕ್ಕಕ್ಕೆ ಕರೆದು, “ಮಾವ, ಶೋರೂಮಿನವರು ಯಾರಾದರೂ ಫೋನ್ ಮಾಡಿದರೆ ಏನೂ ಹೇಳಬೇಡಿ” ಅಂದರು. ಅವರು ನನಗೇಕೆ ಫೋನ್ ಮಾಡುತ್ತಾರೆ ಎಂದು ಕೇಳಲು ಹೋಗಲಿಲ್ಲ. ಕಾರು ಸದ್ದಿಲ್ಲದೆ ಜಾರಿಕೊಂಡು ಹೋಯಿತು.

ಹಳೆಯ ಎಣ್ಣೆ ಉಳಿಯಿತು. ಬೇಲಿ ಕಂಬಕ್ಕೆ ಬಳಿದರೆ ಗೆದ್ದಲು ಹತ್ತಲ್ಲ, ಕೊಡಿ ಎಂದು ಶಿಷ್ಯ ಕೇಳಿದ. ನಾನು ಗುಂಡ್ಲು ಹೊಳೆ, ಅಂತರ್ಜಲ, 2016ರ ಅಪಾಯಕಾರಿ ತ್ಯಾಜ್ಯ ನಿಯಮ ಎಂದೆಲ್ಲ ಪಾಠ ಮಾಡಿ, ಪರವಾನಗಿ ಇರುವವರಿಗೇ ಕೊಡಬೇಕು ಅಂದೆ. “ಅವ್ರು ಎಲ್ಲವ್ರೆ ಸಾ?” ಅಂದ. ವಿಚಾರಿಸುತ್ತಿದ್ದೇನೆ. ಅಲ್ಲಿಯವರೆಗೆ ಅದು ನೀರಿನ ಕ್ಯಾನಿನಲ್ಲಿ ನಮ್ಮ ಮಹಡಿ ಮೆಟ್ಟಿಲ ಕೆಳಗೆ ಕೂತಿದೆ. ಕಸ ಗುಡಿಸುವಾಗಲೆಲ್ಲ ನನ್ನಾಕೆ ಅದನ್ನು ಕಾಲಲ್ಲಿ ಅತ್ತ ತಳ್ಳಿ ಕೇಳುತ್ತಾಳೆ, “ಇದು ಇನ್ನೆಷ್ಟು ದಿನ ಇಲ್ಲಿ?”