ರಾಯರ ಶೆಡ್ಡು

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಯಾವ ಅಡ್ಡರಸ್ತೆಗೆ ಹೊಕ್ಕರೂ ಇಂಥವರೊಬ್ಬರು ಸಿಗುತ್ತಾರೆ. 40-60ರ ಸೈಟು, ಮುಂದೆ ಪಾರಿಜಾತ, ಹಿತ್ತಲಲ್ಲಿ ತೆಂಗು, ತೆಂಗಿನ ಪಕ್ಕಕ್ಕೆ ಸಿಮೆಂಟ್ ಶೀಟು ಹೊದಿಸಿದ ಒಂದು ಶೆಡ್ಡು. ಮನೆ ಕಟ್ಟುವಾಗ ವಾಚ್‌ಮನ್‌ಗೆಂದು ಎಬ್ಬಿಸಿದ್ದು. ಗೃಹಪ್ರವೇಶ ಆದಮೇಲೆ ಕೆಡವಬೇಕಿತ್ತು. ಕೆಡವಲು ಹೊರಟರೆ ಹಾರೆ ಶೆಡ್ಡಿನೊಳಗೇ ಎಲ್ಲೋ ಸೇರಿಕೊಂಡು ಕೈಗೆ ಸಿಗಲಿಲ್ಲವಂತೆ. ಶೆಡ್ಡು ಉಳಿಯಿತು.

ನಮ್ಮ ಬೀದಿಯ ರಾಯರು ವಿದ್ಯುತ್ ಮಂಡಳಿಯ ಸ್ಟೋರ್ಸಿನಲ್ಲಿದ್ದು ನಿವೃತ್ತರಾದವರು. 1999ರಲ್ಲಿ ಮಂಡಳಿ ಹೋಗಿ ನಿಗಮ ಬಂದರೂ ಅವರ ಬಾಯಲ್ಲಿ ಅದು ಇವತ್ತಿಗೂ ‘ನಮ್ಮ ಕೆ.ಇ.ಬಿ.’ಯೇ. ರಿಟೈರಾದವರಲ್ಲಿ ಕೆಲವರು ವಾಕಿಂಗು ಹಿಡಿಯುತ್ತಾರೆ, ಕೆಲವರು ಭಗವದ್ಗೀತೆ ಹಿಡಿಯುತ್ತಾರೆ. ರಾಯರು ಶೆಡ್ಡು ಹಿಡಿದರು.

ಹಾಗೆಂದು ಹಳೇ ಸಾಮಾನು ಗುಡ್ಡೆ ಹಾಕಿಕೊಂಡು ಕೂರುವವರ ಜೊತೆ ಅವರನ್ನು ಸೇರಿಸಿದರೆ ಅನ್ಯಾಯವಾದೀತು. ಗುಡ್ಡೆ ಹಾಕುವುದು ಸೋಮಾರಿಗಳ ಕೆಲಸ, ರಾಯರದು ವ್ಯವಸ್ಥೆ. ಸ್ಲಾಟೆಡ್ ಆಂಗಲ್ಲಿನ ರ್ಯಾಕುಗಳು ಗೋಡೆಯಿಂದ ನಾಲ್ಕು ಬೆರಳು ಈಚೆಗಿವೆ, ಕಾಲಡಿ ಇಟ್ಟಿಗೆ. ಗೆದ್ದಲು ನೆಲದಿಂದ ಮಣ್ಣು ಮೆತ್ತಿಕೊಂಡೇ ಮೇಲೇರಬೇಕಲ್ಲ, ಏರಿದರೆ ಕಣ್ಣಿಗೆ ಬೀಳಲಿ ಎಂದು. ಭಾರದ್ದು ಕೆಳಗೆ, ದಿನಬಳಕೆಯದು ಸೊಂಟಕ್ಕೂ ಕಣ್ಣಿಗೂ ನಡುವೆ, ಅಪರೂಪದ್ದು ಮೇಲೆ. ಹಾರ್ಲಿಕ್ಸ್ ಬಾಟಲಿಗಳ ಮುಚ್ಚಳವನ್ನು ಹಲಗೆಯ ತಳಕ್ಕೆ ಮೊಳೆ ಹೊಡೆದು ಕೂರಿಸಿ, ಬಾಟಲಿಯನ್ನು ಕೆಳಗಿನಿಂದ ತಿರುಗಿಸಿ ನೇತುಹಾಕಿದ್ದಾರೆ. ಸ್ಕ್ರೂ, ವಾಷರು, ನಟ್ಟು ಎಲ್ಲ ಹೊರಗಿನಿಂದಲೇ ಕಾಣುತ್ತವೆ, ಹಲಗೆಯ ಮೇಲಿನ ಜಾಗವೂ ಮಿಕ್ಕುತ್ತದೆ. ಇದು ನಿಜಕ್ಕೂ ಒಳ್ಳೆಯ ಉಪಾಯ. ನಾನೂ ಮನೆಯಲ್ಲಿ ಮಾಡಿದ್ದೇನೆ. ಗೋಡೆಯ ಪ್ಲೈವುಡ್ಡಿನ ಮೇಲೆ ಒಂದೊಂದು ಹತಾರದ ಆಕಾರವನ್ನು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾರೆ. ಇಕ್ಕಳ ಹೋದರೆ ಇಕ್ಕಳದ ಗೆರೆ ಉಳಿಯುತ್ತದೆ, ಮನೆಮಂದಿಯೆಲ್ಲ ಉತ್ತರ ಕೊಡಬೇಕಾಗುತ್ತದೆ. ಜಪಾನಿನ ಕಾರ್ಖಾನೆಗಳ ‘5 ಎಸ್’ ಪದ್ಧತಿಯಲ್ಲೂ ಹೀಗೆಯೇ, ಒಂದೊಂದಕ್ಕೂ ಗೊತ್ತಾದ ಜಾಗ. ಅದರ ಐದು ಮೆಟ್ಟಿಲಲ್ಲಿ ಮೊದಲನೆಯದು, ಬೇಡದ್ದನ್ನು ಬೇರ್ಪಡಿಸಿ ಹೊರಗೆ ಹಾಕುವುದು. ರಾಯರು ಎರಡನೆಯದರಿಂದ ಶುರು ಮಾಡಿದರು.

ಪ್ರತಿ ಸಾಮಾನಿಗೂ ಒಂದು ಬಿನ್ ಕಾರ್ಡು ತೂಗುತ್ತದೆ: ಬಂದದ್ದು, ಕೊಟ್ಟದ್ದು, ಉಳಿದದ್ದು. ನಡುವಿನ ಕಾಲಮ್ಮು ಎಲ್ಲ ಕಾರ್ಡುಗಳಲ್ಲೂ ಖಾಲಿ. ಪಂಪ್ ಸ್ಟೌವಿನ ಪಿನ್ನು, ಟ್ಯೂಬ್‌ಲೈಟಿನ ಚೋಕು, ಮಾಳಿಗೆ ಮೇಲಿದ್ದ ಟಿ.ವಿ. ಆಂಟೆನಾದ ಕಡ್ಡಿಗಳು, ಮಗ ಎಲ್.ಕೆ.ಜಿ.ಗೆ ಒಯ್ಯುತ್ತಿದ್ದ ನೀರಿನ ಬಾಟಲಿಯ ಬರೀ ಮುಚ್ಚಳ. ಸ್ಟೌ ಎಲ್ಲಿ ಎಂದು ಕೇಳಿದೆ. “ಅದು ಹೋಗಿ ಎಷ್ಟು ವರ್ಷ ಆಯ್ತು! ಪಿನ್ನು ಮಾತ್ರ ಹೊಸದು ಕಣ್ರೀ, ಪ್ಯಾಕೆಟ್ಟೇ ಒಡೆದಿಲ್ಲ” ಎಂದರು.

ಇದೆಲ್ಲದರ ನಡುವೆ ಸಿಮೆಂಟ್ ಮೂಟೆಯದು ಬೇರೆಯದೇ ಕಥೆ. ಮನೆ ಕಟ್ಟಿ ಮಿಕ್ಕ 50 ಕೆ.ಜಿ.ಯ ಪೂರ್ತಿ ಮೂಟೆ. ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬಾರದೆಂದು ರಾಯರಿಗೆ ಗೊತ್ತು, ಸ್ಟೋರ್ಸಿನಲ್ಲಿ ಎಷ್ಟು ಜನಕ್ಕೆ ಅವರೇ ಹೇಳಿಲ್ಲ! ಆದರೂ ‘ಒಂದು ಕಾಂಪೌಂಡ್ ರಿಪೇರಿಗಾದೀತು’ ಎಂದು ಇಟ್ಟುಕೊಂಡರು. ಎಷ್ಟೋ ಮಳೆಗಾಲ ಕಳೆದವು. ಚೀಲ ಹರಿದು ಬಿತ್ತು, ಒಳಗಿನದು ಚೀಲದ ಮಡಿಕೆಗಳ ಸಮೇತ ಬಂಡೆಯಾಗಿ ನಿಂತಿತು. ರಾಯರು ಧೃತಿಗೆಡಲಿಲ್ಲ. ಕಾರ್ಡಿನಲ್ಲಿ ‘ಸಿಮೆಂಟು’ ಹೊಡೆದುಹಾಕಿ ‘ಕಲ್ಲು’ ಎಂದು ಬರೆದರು. ಸಂಖ್ಯೆ 1 ಇದ್ದದ್ದು 1 ಆಗಿಯೇ ಉಳಿಯಿತು.

ಅವರ ಮನೆಯಾಕೆಗೆ ಕುಂಬಳಕಾಯಿ ಒಡೆಯಲು ಮಚ್ಚು ಬೇಕೆಂದರೂ ಇಂಡೆಂಟು ಬರೆದುಕೊಡಬೇಕು. “ಮಚ್ಚು ಬೇಕಾಗಿರೋದು ಯಾತಕ್ಕೆ ಅಂತ ಕಾಲಮ್ಮಿದೆ, ಬರಿ” ಎಂದು ಇವರು. “ಬರೀತೀನಿ ಬಿಡಿ, ಓದಿದ ಮೇಲೆ ನೀವು ಕೊಡೋಲ್ಲ” ಎಂದು ಆಕೆ. ಆಯುಧಪೂಜೆಯ ದಿನವೊಂದೇ ಶೆಡ್ಡಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಅಂದು ಸ್ಪ್ಯಾನರಿಗೂ ಕುಂಕುಮ, ಚೋಕಿಗೂ ಕುಂಕುಮ, ಕಲ್ಲಿಗೂ ಕುಂಕುಮ. ಕಲ್ಲು ಯಾವ ಆಯುಧ ಎಂದು ಯಾರೂ ಕೇಳುವಂತಿಲ್ಲ.

ಜಾಗ ಸಾಲದೆ ಹೊಸ ರ್ಯಾಕು ತರುತ್ತಾರೆ. ರ್ಯಾಕು ಖಾಲಿ ಇರುವುದು ಅವರಿಂದ ನೋಡಲಾಗುವುದಿಲ್ಲ, ತುಂಬುತ್ತಾರೆ. ಮತ್ತೆ ಜಾಗ ಸಾಲದು. ಕೆಲಸ ಎಷ್ಟೇ ಇರಲಿ, ಇರುವ ಹೊತ್ತನ್ನೆಲ್ಲ ನುಂಗುವಷ್ಟು ಹಿಗ್ಗುತ್ತದೆಂದು ಪಾರ್ಕಿನ್ಸನ್ ಎಂಬಾತ 1955ರಲ್ಲಿ ಬರೆದಿದ್ದ. ಆತ ಸರ್ಕಾರಿ ಕಚೇರಿಗಳನ್ನು ನೋಡಿ ಬರೆದದ್ದು. ಕಚೇರಿಯಿಂದ ರಿಟೈರಾದವರ ಹಿತ್ತಲು ನೋಡಿರಲಿಲ್ಲ.

ವಿಲೇವಾರಿಗೆ ಅವಕಾಶವೇ ಇಲ್ಲವೆಂದಲ್ಲ. ಕಂಡೆಮ್ನೇಶನ್ ಕಮಿಟಿ ಇದೆ. ಅಧ್ಯಕ್ಷರು ರಾಯರು, ಸದಸ್ಯೆ ಅವರ ಮನೆಯಾಕೆ, ಹೊರಗಿನ ಸದಸ್ಯ ನಾನು. ತೀರ್ಮಾನ ಸರ್ವಾನುಮತದ್ದಾಗಿರಬೇಕು. ಮೊದಲ ಸಭೆಗೆ ಬಂದ ಮೊದಲ ಸಾಮಾನು ತೂತುಬಿದ್ದ ಬಾಂಡ್ಲಿ. ಇಬ್ಬರು ಕೈ ಎತ್ತಿದೆವು. ಅಧ್ಯಕ್ಷರು, “ತೂತು ಇರೋದರಿಂದ ಇದರಲ್ಲಿ ದೊಡ್ಡಪತ್ರೆ ಗಿಡ ಚೆನ್ನಾಗಿ ಬರುತ್ತೆ” ಎಂದರು. ಕಾಫಿಯೊಂದಿಗೆ ಸಭೆ ಮುಗಿಯಿತು.

ಹೋದ ಮಾರ್ಚಿಯ ವಾರ್ಷಿಕ ತಪಾಸಣೆಯಲ್ಲಿ ‘ಬೀರು ಬಾಗಿಲು, ಕಬ್ಬಿಣ, 1’ ಕಾಣಲಿಲ್ಲ. ರಾಯರಿಗೆ ಎರಡು ರಾತ್ರಿ ನಿದ್ದೆಯಿಲ್ಲ. ಮನೆಯಾಕೆ, “ಇಲಿ ತಿಂದಿರಬೇಕು” ಎಂದರು. ಪಂಚತಂತ್ರದಲ್ಲಿ ಇಲಿಗಳು ಕಬ್ಬಿಣದ ತಕ್ಕಡಿಯನ್ನೇ ತಿಂದಿವೆಯಲ್ಲ, ನಾನು ಸುಮ್ಮನಿದ್ದೆ. ಲೆಡ್ಜರಿನಲ್ಲಿ ಕೆಂಪು ಇಂಕಿನಲ್ಲಿ ‘ಶಾರ್ಟೇಜ್ 1’ ಬಿತ್ತು.

ಮೊನ್ನೆ ಭಾನುವಾರ ಗುಜರಿಯವನು ಗಾಡಿ ತಳ್ಳಿಕೊಂಡು ಕೂಗುತ್ತಾ ಬಂದ. ರಾಯರು ಹಳೇ ಪೇಪರು ಹಾಕಲು ಹೊರಗೆ ಹೋದರು. ಮನೆಯಾಕೆಗೆ ಆದ ಸಂತೋಷ ಹೇಳತೀರದು. ಗೇಟಿಗೆ ಬಂದು ನಿಂತರು. ಪೇಪರು ತೂಗಿಯಾಯಿತು. ರಾಯರ ಕಣ್ಣು ಗಾಡಿಯ ಅಡಿಯಲ್ಲಿದ್ದ ಒಂದು ಹಸಿರು ಕಬ್ಬಿಣದ ಹಾಳೆಯ ಮೇಲೆ ಬಿತ್ತು. “ಇದಕ್ಕೆ ನಾಲ್ಕು ಕಾಲು ಹಚ್ಚಿದರೆ ಒಳ್ಳೇ ರ್ಯಾಕು ಕಣಯ್ಯಾ” ಎಂದು ಕೆ.ಜಿ. ಲೆಕ್ಕದಲ್ಲಿ ಚೌಕಾಸಿ ಮಾಡಿ, ಪೇಪರಿನ ದುಡ್ಡಿಗೆ ಕೈಯಿಂದ ಅಷ್ಟು ಸೇರಿಸಿ ಕೊಂಡೇಬಿಟ್ಟರು. ಗುಜರಿಯವನು ಒಳ್ಳೆಯ ಮನುಷ್ಯ, ತಡೆಯಲಾರದೆ ಹೇಳಿದ: “ಸ್ವಾಮಿ, ಇದು ನಿಮ್ಮನೇದೇ ಅಲ್ವಾ? ನೀವು ಊರಲ್ಲಿ ಇಲ್ದಾಗ ಅಮ್ಮಾವ್ರೇ ಹಾಕಿದ್ದು.”

ಮನೆಯಾಕೆ ಪಾರಿಜಾತದ ಹೂ ಆಯತೊಡಗಿದರು. ರಾಯರಿಗೆ ಸಿಟ್ಟು ಬರಬೇಕಿತ್ತು. ಅವರು ಹಿತ್ತಲಿಗೆ ಓಡಿ ಲೆಡ್ಜರು ತಂದು, ಗಾಡಿಯ ಮೇಲೇ ಬಿಡಿಸಿ, ‘ಶಾರ್ಟೇಜ್ 1’ಕ್ಕೆ ಅಡ್ಡಗೆರೆ ಎಳೆದು ‘ಸ್ಟಾಕು ತಾಳೆಯಾಗಿದೆ’ ಎಂದು ಬರೆದರು. ಆಮೇಲೆ ಸಾಕ್ಷಿಯ ಸಹಿ ಹಾಕೆಂದು ಗುಜರಿಯವನ ಕೈಗೆ ಪೆನ್ನು ಕೊಟ್ಟರು.